ಕಂಪ್ಯೂಟರಿನಲ್ಲಿ ಅನುಮಾನದ ಕಡತ ಕಂಡಿತೇ? ಅಳಿಸುವ ಮೊದಲು ಇಷ್ಟು ನೋಡಿ

2002ರಲ್ಲಿ ಇಮೇಲ್ ಬಳಸುತ್ತಿದ್ದ ಅನೇಕರಿಗೆ ಪರಿಚಯದವರಿಂದಲೇ ಒಂದು ಎಚ್ಚರಿಕೆ ಬಂದಿತ್ತು. ನಿಮ್ಮ ಕಂಪ್ಯೂಟರಿನಲ್ಲಿ 'ಜೆಡಿಬಿಜಿಎಂಜಿಆರ್.ಇಎಕ್ಸ್ಇ' ಎಂಬ ಕಡತವನ್ನು ಹುಡುಕಿ, ಅದರ ಗುರುತು ಪುಟ್ಟದೊಂದು ಕರಡಿ ಗೊಂಬೆ, ಅದು ವೈರಸ್, ಆಂಟಿವೈರಸ್‌ಗಳಿಗೂ ಸಿಕ್ಕುವುದಿಲ್ಲ, ಕೂಡಲೇ ಅಳಿಸಿ ಎನ್ನುವುದು ಅದರ ಸಾರಾಂಶ. ಜನ ಹುಡುಕಿದರು. ಹೇಳಿದ ಜಾಗದಲ್ಲೇ ಕರಡಿ ಸಿಕ್ಕಿತು! ಗಾಬರಿಯಿಂದ ಅಳಿಸಿ, ತಮ್ಮ ಪರಿಚಯದವರಿಗೆಲ್ಲ ಅದೇ ಸಂದೇಶ ಕಳಿಸಿದರು.

ಕರಡಿ ಸಿಗುವುದು ಸಹಜವೇ ಆಗಿತ್ತು, ಏಕೆಂದರೆ ಅದು ಮೈಕ್ರೋಸಾಫ್ಟ್ ತಾನೇ ವಿಂಡೋಸ್ ಜೊತೆ ಕೊಟ್ಟಿದ್ದ ಕಡತ. ಜಾವಾ ಪ್ರೋಗ್ರಾಮ್ ಬರೆಯುವವರಿಗೆ ಬೇಕಾಗುವಂಥದ್ದು. ಹಾಗಾಗಿ ಅಳಿಸಿದ ಬಹುತೇಕರಿಗೆ ತೊಂದರೆಯಾಗಲಿಲ್ಲ. ಅದಕ್ಕೂ ಹಿಂದಿನ ವರ್ಷ, 2001ರಲ್ಲಿ, ಉದ್ದನೆಯ ಕಡತದ ಹೆಸರುಗಳನ್ನು ಸರಿಪಡಿಸುವ ವಿಂಡೋಸ್‌ನ ಇನ್ನೊಂದು ಉಪಕರಣದ ಮೇಲೂ ಇಂಥದ್ದೇ ಗಾಳಿಸುದ್ದಿ ಹಬ್ಬಿತ್ತು. ಎರಡೂ ಸಲ ವೈರಸ್ ಇರಲೇ ಇಲ್ಲ. ಹೆಸರು ವಿಚಿತ್ರವಾಗಿದೆ ಎನ್ನುವುದಷ್ಟೇ ಆ ಕಡತಗಳ ಮೇಲಿದ್ದ ಆರೋಪ.

ಇವತ್ತು ಇಂಥ ಅನುಮಾನಕ್ಕೆ ಹೆಚ್ಚಾಗಿ ಸಿಕ್ಕಿಕೊಳ್ಳುವುದು 'ಎಸ್‌ವಿಸಿಹೋಸ್ಟ್.ಇಎಕ್ಸ್ಇ'. ಟಾಸ್ಕ್ ಮ್ಯಾನೇಜರ್ ತೆರೆದು ವಿವರಗಳ ಪಟ್ಟಿ ನೋಡಿದರೆ ಈ ಹೆಸರು ಹತ್ತಾರು ಸಲ ಕಾಣುತ್ತದೆ. ವಿಂಡೋಸ್‌ನ ಹಿನ್ನೆಲೆ ಸೇವೆಗಳನ್ನು ನಡೆಸುವ ಕಡತ ಅದು. 2017ರಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದೀಚೆಗೆ, 3.5 ಜಿಬಿಗಿಂತ ಹೆಚ್ಚು ರ್‍ಯಾಮ್ ಇರುವ ಕಂಪ್ಯೂಟರುಗಳಲ್ಲಿ ಹೆಚ್ಚಿನ ಸೇವೆಗಳಿಗೆ ಅದರ ಪ್ರತ್ಯೇಕ ಪ್ರತಿ ಓಡುತ್ತದೆ. ಆದ್ದರಿಂದ ಸಂಖ್ಯೆ ನೋಡಿ ಹೆದರಬೇಕಿಲ್ಲ. ಆದರೆ ಕುತಂತ್ರಾಂಶ ಬರೆಯುವವರಿಗೂ ಈ ಹೆಸರು ಇಷ್ಟ, ಗುಂಪಿನಲ್ಲಿ ಅಡಗುವುದು ಸುಲಭವಲ್ಲವೇ!

ಹಾಗಾದರೆ ಅಸಲಿ ಯಾವುದು, ನಕಲಿ ಯಾವುದು? ಮೊದಲು ನೋಡಬೇಕಾದ್ದು ಕಡತದ ಮನೆ ಎಲ್ಲಿದೆ ಎಂದು. ಟಾಸ್ಕ್ ಮ್ಯಾನೇಜರಿನಲ್ಲಿ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ 'ಓಪನ್ ಫೈಲ್ ಲೊಕೇಶನ್' ಆರಿಸಿ. ಈಗ ಓಡುತ್ತಿರುವ ಅಸಲಿ ಎಸ್‌ವಿಸಿಹೋಸ್ಟ್ ವಿಂಡೋಸ್ ಫೋಲ್ಡರಿನೊಳಗಿನ 'ಸಿಸ್ಟಮ್32'ರಲ್ಲಿ, ಅಪರೂಪಕ್ಕೆ ಪಕ್ಕದ 'ಸಿಸ್‌ವಾವ್64'ರಲ್ಲಿ ಇರುತ್ತದೆ. ಅದೇ ಹೆಸರಿನ ಕಡತ 'ಟೆಂಪ್', 'ಡೌನ್‌ಲೋಡ್ಸ್' ಅಥವಾ 'ಆ್ಯಪ್‌ಡೇಟಾ'ದಿಂದ ಓಡುತ್ತಿದ್ದರೆ ಅನುಮಾನಕ್ಕೆ ಗಟ್ಟಿ ಕಾರಣವಿದೆ. ಹೆಸರಿನಲ್ಲಿ ಎರಡು ಅಕ್ಷರ ಅದಲುಬದಲಾಗಿದೆಯೇ, 'ಓ' ಅಕ್ಷರದ ಜಾಗದಲ್ಲಿ ಸೊನ್ನೆ ಕೂತಿದೆಯೇ ಎಂದೂ ಗಮನಿಸಿ.

ಎರಡನೆಯದು ಸಹಿ. 'ಪ್ರಾಪರ್ಟೀಸ್' ತೆರೆದರೆ 'ಡಿಜಿಟಲ್ ಸಿಗ್ನೇಚರ್ಸ್' ಪುಟದಲ್ಲಿ ಕಡತ ಯಾವ ಸಂಸ್ಥೆಯದೆಂದು ಕಾಣುತ್ತದೆ. ಈ ಪುಟ ಇಲ್ಲದ ಮಾತ್ರಕ್ಕೆ ಕಡತ ಕೆಟ್ಟದೆನ್ನುವಂತಿಲ್ಲ. ವಿಂಡೋಸ್‌ನದೇ ಹಲವು ಕಡತಗಳ ಸಹಿ ಬೇರೊಂದು ಕಡತದಲ್ಲಿರುತ್ತದೆ.

ಮೂರನೆಯದು ಹೆಸರಿನ ಬಾಲ. ವಿಂಡೋಸ್ ತಾನಾಗಿಯೇ ಪರಿಚಿತ ಬಾಲಗಳನ್ನು ಮರೆಮಾಡುತ್ತದೆ. ಹೀಗಾಗಿ 'ಬಿಲ್.ಪಿಡಿಎಫ್.ಇಎಕ್ಸ್ಇ' ಎನ್ನುವ ಪ್ರೋಗ್ರಾಮ್ ನಮ್ಮ ಕಣ್ಣಿಗೆ 'ಬಿಲ್.ಪಿಡಿಎಫ್' ಆಗಿಯೇ ಕಾಣುತ್ತದೆ. 2000ದ ಮೇ ತಿಂಗಳಲ್ಲಿ ಜಗತ್ತನ್ನೇ ಸುತ್ತಿದ 'ಐ ಲವ್ ಯೂ' ಹುಳು ಪ್ರೇಮಪತ್ರದ ವೇಷ ತೊಟ್ಟಿದ್ದು ಇದೇ ಉಪಾಯದಿಂದ: ಕಂಡದ್ದು ಬರಿಯ ಪಠ್ಯದ ಕಡತ, ಹಿಂದಿದ್ದದ್ದು ಓಡುವ ಸ್ಕ್ರಿಪ್ಟ್. ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆಯ್ಕೆಯನ್ನು ಇವತ್ತೇ ಚಾಲೂ ಮಾಡಿಡಿ. ಇದನ್ನು ಮರೆಮಾಡಿಡುವ ಪದ್ಧತಿ ಇನ್ನೂ ಏಕಿದೆಯೋ ನಮಗಂತೂ ಅರ್ಥವಾಗಿಲ್ಲ.

ನಮ್ಮಲ್ಲಿ ಹೆಚ್ಚು ಜನ ಎದುರಿಸಿರುವುದು ಮಾತ್ರ ಪೆನ್‌ಡ್ರೈವ್ ತೊಂದರೆಯನ್ನು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಮನೆಗೆ ಬಂದು ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ, ಒಂದೊಂದರ ಗಾತ್ರ ಒಂದೆರಡು ಕೆಬಿ. ಮಾಡಿದ ಕೆಲಸವೆಲ್ಲ ಹೋಯಿತೆಂದು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಡುವವರಿದ್ದಾರೆ. ದಯವಿಟ್ಟು ನಿಲ್ಲಿ! ಸಾಮಾನ್ಯವಾಗಿ ಅಸಲಿ ಕಡತಗಳು ಅಲ್ಲೇ ಅಡಗಿರುತ್ತವೆ. ಕುತಂತ್ರಾಂಶ ಅವುಗಳಿಗೆ 'ಹಿಡನ್' ಎಂಬ ಗುರುತು ಹಾಕಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ನಾವು ಅದನ್ನು ಒತ್ತಿದರೆ ಕುತಂತ್ರಾಂಶ ಓಡುತ್ತದೆ, ಜೊತೆಗೆ ಫೋಲ್ಡರೂ ತೆರೆದುಕೊಳ್ಳುವುದರಿಂದ ಅನುಮಾನವೇ ಬರುವುದಿಲ್ಲ. ಮೊದಲು ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿ. ಆಮೇಲೆ 'ಫೋಲ್ಡರ್ ಆಪ್ಷನ್ಸ್'ನಲ್ಲಿ ಅಡಗಿದ ಕಡತಗಳನ್ನು ತೋರಿಸುವಂತೆ ಹೇಳಿ, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎದುರಿನ ಗುರುತು ತೆಗೆಯಿರಿ. ನಿಮ್ಮ ದಾಖಲೆ, ಫೋಟೋಗಳನ್ನು ಮಾತ್ರ ಬೇರೆಡೆಗೆ ನಕಲಿಸಿಕೊಳ್ಳಿ. ಫಾರ್ಮ್ಯಾಟ್ ಏನಿದ್ದರೂ ಆಮೇಲೆ.

ಇಷ್ಟಾದರೂ ಅನುಮಾನ ಉಳಿದರೆ 'ವೈರಸ್‌ಟೋಟಲ್' ತಾಣವಿದೆ. ಅಲ್ಲಿಗೆ ಕಡತ ಕೊಟ್ಟರೆ ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ಪರೀಕ್ಷಿಸುತ್ತವೆ. ಆದರೆ ಅಲ್ಲಿಗೆ ಹಾಕಿದ ಕಡತ ಬೇರೆ ಭದ್ರತಾ ಸಂಸ್ಥೆಗಳಿಗೂ ಸಿಗುತ್ತದೆ. ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಹಾಕಬೇಡಿ. ಅರವತ್ತು-ಎಪ್ಪತ್ತರಲ್ಲಿ ಒಂದೆರಡು ಮಾತ್ರ ಕೆಂಪು ತೋರಿಸಿದರೆ ಅದು ತಪ್ಪು ಎಣಿಕೆಯೂ ಆಗಿರಬಹುದು. 2010ರ ಏಪ್ರಿಲ್ 21ರಂದು ಮೆಕಾಫಿಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಅಸಲಿ ಎಸ್‌ವಿಸಿಹೋಸ್ಟನ್ನೇ ವೈರಸ್ ಎಂದು ಹಿಡಿದುಹಾಕಿತು. ಅನೇಕ ಕಚೇರಿಗಳ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತ ಕೂತವು.

ಈಗ ತೆಗೆಯುವ ಕೆಲಸ. ಇಂಟರ್‌ನೆಟ್ ಸಂಪರ್ಕ ಕಡಿದು ಪೂರ್ತಿ ಸ್ಕ್ಯಾನ್ ಓಡಿಸಿ. ಕೈಯಿಂದ ಡಿಲೀಟ್ ಮಾಡುವುದಕ್ಕಿಂತ ಆಂಟಿವೈರಸ್ ಮೂಲಕ 'ಕ್ವಾರಂಟೈನ್'ಗೆ ಹಾಕುವುದು ಮೇಲು. ಅಲ್ಲಿ ಕಡತ ಓಡಲಾರದು, ತಪ್ಪಾಗಿದ್ದರೆ ವಾಪಸ್ ತರಬಹುದು. ಅಳಿಸಿದರೂ ಮತ್ತೆ ಹುಟ್ಟಿಕೊಳ್ಳುತ್ತಿದೆಯೇ? ಅದನ್ನು ತಂದಿಡುವ ಇನ್ನೊಂದು ಪ್ರೋಗ್ರಾಮ್ ಒಳಗೆ ಓಡುತ್ತಿದೆ ಎಂದರ್ಥ. ಆಗ 'ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಆರಿಸಿ. ಇದು ವಿಂಡೋಸ್ ಶುರುವಾಗುವ ಮೊದಲೇ ಪರೀಕ್ಷೆ ನಡೆಸುವುದರಿಂದ ಕುತಂತ್ರಾಂಶಕ್ಕೆ ಎಚ್ಚರವಾಗಲು ಅವಕಾಶವಿಲ್ಲ, ಸುಮಾರು ಕಾಲು ಗಂಟೆ ಸಾಕು. ಬಳಿಕ ಟಾಸ್ಕ್ ಮ್ಯಾನೇಜರಿನ 'ಸ್ಟಾರ್ಟ್‌ಅಪ್' ಪಟ್ಟಿಯನ್ನೂ 'ಟಾಸ್ಕ್ ಶೆಡ್ಯೂಲರ್' ಅನ್ನೂ ಒಮ್ಮೆ ನೋಡಿ. ಭಾರತ ಸರ್ಕಾರದ 'ಸೈಬರ್ ಸ್ವಚ್ಛತಾ ಕೇಂದ್ರ'ದ ತಾಣದಲ್ಲೂ ಇದಕ್ಕೆ ಉಚಿತ ಉಪಕರಣಗಳಿವೆ. ಗಾಬರಿಯಲ್ಲಿ ವಿಂಡೋಸ್‌ನದೇ ಕಡತ ಅಳಿಸಿದ್ದರೆ, ವಿಂಡೋಸ್‌ನೊಳಗೇ ಇರುವ 'ಸಿಸ್ಟಮ್ ಫೈಲ್ ಚೆಕರ್' ಸಾಮಾನ್ಯವಾಗಿ ಅದನ್ನು ಮರಳಿ ಕೂರಿಸುತ್ತದೆ.

ಕಡತ ಹೋಯಿತೆಂದರೆ ಅದು ಕದ್ದದ್ದು ವಾಪಸ್ ಬಂದಂತಲ್ಲ. ನಕಲಿ ಕಡತ ನಿಜಕ್ಕೂ ಓಡಿದ್ದರೆ, ಬೇರೆ ಕಂಪ್ಯೂಟರ್ ಅಥವಾ ಮೊಬೈಲಿನಿಂದ ಮೊದಲು ಇಮೇಲ್, ನಂತರ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಲಾಗಿನ್ ಆಗಿರುವ ಎಲ್ಲ ಸಾಧನಗಳಿಂದ ಹೊರಬನ್ನಿ. ಖಾತೆಯಿಂದ ಹಣ ಹೋಗಿರುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಬ್ಯಾಂಕಿಗೂ 1930 ಸಹಾಯವಾಣಿಗೂ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.