ಒಮ್ಮೆ ನೋಡಿದ ಊರಿಗೆ ಮತ್ತೆ ಹೋಗುವ ವಿದ್ಯೆ

ವಿಶ್ವವಿದ್ಯಾನಿಲಯದ ಇತಿಹಾಸ ಮತ್ತು ಪುರಾತತ್ತ್ವ ವಿಭಾಗವೊಂದರ ಸಾಧನೆ ಯಾವುದು ಎಂದು ಕೇಳಿದರೆ ಥಟ್ಟನೆ ಸಿಗುವ ಉತ್ತರ ಗೊತ್ತೇ ಇದೆ: ಎಷ್ಟು ವಿದ್ಯಾರ್ಥಿಗಳಿಗೆ ರ‍್ಯಾಂಕ್ ಬಂತು, ಎಷ್ಟು ಪಿಎಚ್.ಡಿ. ಆಯಿತು, ಅಧ್ಯಾಪಕರ ಎಷ್ಟು ಲೇಖನಗಳು ಯಾವ ಪತ್ರಿಕೆಯಲ್ಲಿ ಬಂದವು. ಈ ಲೆಕ್ಕ ಸುಳ್ಳಲ್ಲ. ಆದರೆ ಕರ್ನಾಟಕದಲ್ಲಿ ಈ ವಿದ್ಯೆ ನೂರ ನಲವತ್ತು ವರ್ಷ ಬೆಳೆದು ಬಂದ ದಾರಿಯನ್ನು ನೋಡಿದರೆ ಬೇರೆಯದೇ ಅಳತೆಗೋಲು ಕಾಣುತ್ತದೆ. ಇಲ್ಲಿನ ದೊಡ್ಡ ಫಲಗಳಲ್ಲಿ ಹೆಚ್ಚಿನವು ಯಾರೂ ಕಾಲಿಡದ ಜಾಗದಲ್ಲಿ ಸಿಕ್ಕವಲ್ಲ. ಒಮ್ಮೆ ಸಮೀಕ್ಷೆ ಮುಗಿದಿದೆ ಎಂದು ಬರೆದಿಟ್ಟ ಊರಿಗೆ ಗುರುವಾದ ಮೇಲೆ ಶಿಷ್ಯ, ಶಿಷ್ಯನಾದ ಮೇಲೆ ಅವನ ಶಿಷ್ಯ ಮತ್ತೆ ಹೋದದ್ದರಿಂದ ಸಿಕ್ಕವು. ಈ ಮಾತು ತುಮಕೂರಿಗೆ, ಅದರಲ್ಲೂ ನಗರದೊಳಗೆ ಸೇರಿಹೋಗಿರುವ ಶೆಟ್ಟಿಹಳ್ಳಿಯಂಥ ಊರುಗಳಿಗೆ, ಇವತ್ತು ತುರ್ತಾಗಿ ಅನ್ವಯಿಸುತ್ತದೆ.

ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ ಶುರುವಾದದ್ದು 1885ರಲ್ಲಿ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅದರ ಮೊದಲ ನಿರ್ದೇಶಕರು. ಅವರೂ ಅವರ ಪಂಡಿತರೂ ತಾಲ್ಲೂಕು ತಾಲ್ಲೂಕು ಸುತ್ತಿ ಶಾಸನಗಳನ್ನು ಪ್ರತಿ ಮಾಡಿದರು. ಅವು ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಾಗಿ 1886ರಿಂದ ಒಂದೊಂದೇ ಹೊರಬಂದವು. ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ, ಅಚ್ಚಾದದ್ದು 1904ರಲ್ಲಿ. ತುಮಕೂರು, ಗುಬ್ಬಿ, ಕುಣಿಗಲ್ ಹೀಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಿದ ಆ ಪುಸ್ತಕವೇ ಇಂದಿಗೂ ಜಿಲ್ಲೆಯ ಇತಿಹಾಸ ಬರೆಯುವವರ ಕೈಗೆ ಮೊದಲು ಬರುವುದು. ಇಡೀ ಮಾಲೆಯಲ್ಲಿ ಸೇರಿದ ಶಾಸನಗಳು ಒಂಬತ್ತು ಸಾವಿರದ ಹತ್ತಿರ. ರೈಲು ಎಲ್ಲ ಕಡೆಗೂ ಇಲ್ಲದ, ಮೋಟಾರು ಬರದ ಕಾಲದಲ್ಲಿ ಆದ ಈ ಕೆಲಸದ ಮುಂದೆ ಯಾರಾದರೂ ತಲೆಬಾಗಬೇಕು. ಆದರೆ ಇಷ್ಟು ದೊಡ್ಡ ಕೆಲಸಕ್ಕೆ ಒಂದು ಅಡ್ಡಪರಿಣಾಮವೂ ಇದೆ. ಸಂಪುಟ ಅಚ್ಚಾದ ಕೂಡಲೇ ಆ ಜಿಲ್ಲೆ ಮುಗಿಯಿತು ಎಂಬ ಭಾವನೆ ಬೇರೂರುತ್ತದೆ. ಸಂಪುಟದಲ್ಲಿ ಹೆಸರಿಲ್ಲದ ಊರಿಗೆ ಇತಿಹಾಸವೇ ಇಲ್ಲ ಎಂಬಷ್ಟು.

ಈ ಭಾವನೆ ಎಷ್ಟು ತಪ್ಪು ಎಂಬುದಕ್ಕೆ ಹಲ್ಮಿಡಿಗಿಂತ ದೊಡ್ಡ ಸಾಕ್ಷಿ ಬೇಡ. ಬೇಲೂರು ತಾಲ್ಲೂಕನ್ನು ಒಳಗೊಂಡ ಹಾಸನ ಜಿಲ್ಲೆಯ ಸಂಪುಟ 1902ರಲ್ಲೇ ಬಂದಿತ್ತು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿಯ ಕಲ್ಲು ಅದೇ ತಾಲ್ಲೂಕಿನಲ್ಲಿ ವೀರಭದ್ರನ ಗುಡಿಯ ಮುಂದೆ ನಿಂತಿತ್ತು. ಸಂಪುಟದಲ್ಲಿ ಅದಿಲ್ಲ. ಅದು ಬೆಳಕಿಗೆ ಬಂದದ್ದು 1936ರಲ್ಲಿ, ಎಂ.ಎಚ್. ಕೃಷ್ಣ ಅವರ ಕಾಲದಲ್ಲಿ. ಕೃಷ್ಣ ಅವರು ಲಂಡನ್ನಿನಲ್ಲಿ ಓದಿ ಡಿ.ಲಿಟ್. ಪಡೆದವರು, ಮಹಾರಾಜ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕರು, ಜೊತೆಗೆ ಪುರಾತತ್ತ್ವ ಇಲಾಖೆಯ ನಿರ್ದೇಶಕರು. ಆ ದಶಕದ ಇಲಾಖೆಯ ವಾರ್ಷಿಕ ವರದಿಗಳ ಮುಖಪುಟದ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಹೆಸರೂ ಇದೆ. ಪಾಠ ಹೇಳುವ ಮೇಷ್ಟರೂ ಊರೂರು ಸುತ್ತುವ ಅಧಿಕಾರಿಯೂ ಒಬ್ಬರೇ ಆಗಿದ್ದ ಆ ವ್ಯವಸ್ಥೆಗೆ ಹಲ್ಮಿಡಿಯ ಶ್ರೇಯಸ್ಸಿನಲ್ಲಿ ಪಾಲಿದೆ. ಅದೃಷ್ಟ ಎಂದು ಇದನ್ನು ಬದಿಗಿಡುವವರಿದ್ದಾರೆ. ಮುಗಿದುಹೋದ ತಾಲ್ಲೂಕಿಗೆ ಮತ್ತೆ ಹೋಗುವ ರೂಢಿಯಿಲ್ಲದವರಿಗೆ ಅಂಥ ಅದೃಷ್ಟ ಬರುವ ದಾರಿಯೇ ಇಲ್ಲ ಎಂಬುದನ್ನು ಅವರು ಮರೆಯುತ್ತಾರೆ.

ಒಂದು ಉದಾಹರಣೆ ಸಾಲದು ಎನ್ನುವವರಿಗೆ ಶ್ರವಣಬೆಳಗೊಳವಿದೆ. ರೈಸ್ 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಲ್ಲಿನ ಶಾಸನಗಳು 144. ಅವರ ನಂತರ ನಿರ್ದೇಶಕರಾದ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ಆವೃತ್ತಿ 1923ರಲ್ಲಿ ಬಂದಾಗ ಸಂಖ್ಯೆ 500. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದ ಪರಿಷ್ಕೃತ ಸಂಪುಟದಲ್ಲಿ 573. ಅದೇ ಬೆಟ್ಟ, ಅದೇ ಬಂಡೆ, ಅದೇ ಬಸದಿಗಳು. ಕಡೆಗಣಿಸಿದ ಮೂಲೆಯ ಊರೂ ಅಲ್ಲ, ನಾಡಿನಲ್ಲೇ ಅತಿ ಹೆಚ್ಚು ಜನ ನೋಡಿದ ಜೈನ ಕ್ಷೇತ್ರ. ಅಲ್ಲಿಯೇ ಲೆಕ್ಕ ಮೂರು ಪಟ್ಟು ಮೀರಿ ಬೆಳೆಯಿತು ಎಂದಮೇಲೆ, ಪಂಡಿತರು ಒಂದು ದಿನ ಇದ್ದು ಹೋದ ಸಣ್ಣ ಊರಿನ ಪಟ್ಟಿ ಪೂರ್ಣ ಎಂದು ನಂಬುವುದಕ್ಕೆ ಏನು ಆಧಾರ?

ಪಟ್ಟಿ ಯಾಕೆ ಅಪೂರ್ಣವಾಗುತ್ತದೆ ಎಂಬುದು ಪಡಿಯಚ್ಚು ತೆಗೆಯುವ ಕೆಲಸವನ್ನು ನೋಡಿದರೆ ತಿಳಿಯುತ್ತದೆ. ಮೊದಲು ಕಲ್ಲಿನ ಮೇಲಿನ ಪಾಚಿ, ಎಣ್ಣೆಜಿಡ್ಡು, ಸುಣ್ಣ ಎಲ್ಲವನ್ನೂ ಉಜ್ಜಿ ತೆಗೆಯಬೇಕು. ನೆನೆಸಿದ ಕಾಗದವನ್ನು ಕಲ್ಲಿಗೆ ಹೊದಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ, ಕಾಗದ ಪ್ರತಿ ಅಕ್ಷರದ ಕುಳಿಗೂ ಇಳಿಯುವಂತೆ ಮಾಡಬೇಕು. ಒಂದಿಷ್ಟು ಆರಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಹಗುರಾಗಿ ಒತ್ತುತ್ತ ಹೋದರೆ, ಮೇಲ್ಮೈ ಕಪ್ಪಾಗಿ, ಕುಳಿಗಿಳಿದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಗಾಳಿ ಎದ್ದರೆ ಕಾಗದ ಹರಿಯುತ್ತದೆ, ಬಿಸಿಲು ಹೆಚ್ಚಾದರೆ ತಟ್ಟುವ ಮೊದಲೇ ಒಣಗುತ್ತದೆ. ಕಲ್ಲಿನ ಕೆಳಭಾಗ ಮಣ್ಣಿನಲ್ಲಿ ಹೂತಿದ್ದರೆ ಕೊನೆಯ ಸಾಲುಗಳು ಸಿಗುವುದೇ ಇಲ್ಲ. ದತ್ತಿಯ ವಿವರ, ಜಮೀನಿನ ಎಲ್ಲೆ, ಶಾಪವಾಕ್ಯ, ಬರೆದವನ ಹೆಸರು ಇರುವುದು ಹೆಚ್ಚಾಗಿ ಆ ಕೊನೆಯ ಸಾಲುಗಳಲ್ಲೇ. ಒಂದು ಕಲ್ಲಿಗೆ ಇಷ್ಟು ಶ್ರಮವಾದರೆ, ದಿನಕ್ಕೆ ಕೆಲವು ಊರು ಮುಗಿಸಬೇಕಾದವರು ಏನೇನು ಬಿಟ್ಟಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಅದು ಅವರ ಲೋಪವಲ್ಲ. ಮೊದಲ ಸುತ್ತಿನ ಸ್ವಭಾವವೇ ಹಾಗೆ.

ಮತ್ತೆ ಹೋಗುವುದೆಂದರೆ ಊರಿಗಷ್ಟೇ ಅಲ್ಲ, ಓದಿದ್ದನ್ನು ಮತ್ತೆ ಓದುವುದೂ ಹೌದು. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಸಿಕ್ಕ ತಾಮ್ರಪಟಗಳನ್ನು ನೋಡಿ. ರಾಷ್ಟ್ರಕೂಟ ಮೂರನೆಯ ಗೋವಿಂದನ ಹೆಸರಿನ, ಕ್ರಿ.ಶ. 812ರ ದಾನಪತ್ರ ಅದು. ಗಂಗಮಂಡಲವನ್ನು ನೋಡಿಕೊಳ್ಳುತ್ತಿದ್ದ ಚಾಕಿರಾಜನ ಬಿನ್ನಹದ ಮೇಲೆ ಅರ್ಕಕೀರ್ತಿ ಎಂಬ ಜೈನಮುನಿಗೆ, ಜಿನಾಲಯಕ್ಕಾಗಿ, ಒಂದು ಗ್ರಾಮ ದತ್ತಿಯಾಯಿತು. ಕಾರಣವನ್ನೂ ಪತ್ರ ಹೇಳುತ್ತದೆ: ಕುನುಂಗಿಲ್ ದೇಶವನ್ನು ಆಳುತ್ತಿದ್ದ ಚಾಲುಕ್ಯ ವಂಶದ ವಿಮಲಾದಿತ್ಯನಿಗೆ ಹಿಡಿದಿದ್ದ ಶನಿಪೀಡೆಯನ್ನು ಈ ಮುನಿ ಕಳೆದಿದ್ದ. ಆ ಕುನುಂಗಿಲ್ ಇಂದಿನ ಕುಣಿಗಲ್. ಬಾದಾಮಿಯ ಚಾಲುಕ್ಯರನ್ನು ಕೆಳಗಿಳಿಸಿದ ರಾಷ್ಟ್ರಕೂಟರ ಆಳ್ವಿಕೆಯಲ್ಲೇ ಚಾಲುಕ್ಯ ವಂಶದವನೊಬ್ಬ ಗಂಗರ ನೆಲದ ಕುಣಿಗಲ್ಲಿನಲ್ಲಿ ಅಧಿಕಾರ ನಡೆಸುತ್ತಿದ್ದ ಎಂಬುದು ಈ ತಗಡುಗಳಿಲ್ಲದೆ ತಿಳಿಯುತ್ತಿರಲಿಲ್ಲ. ಆದರೆ ಪತ್ರ ಸಾಚಾವೋ, ಮುಂದೆ ಯಾರೋ ಮಾಡಿಸಿದ ಕೂಟಶಾಸನವೋ ಎಂಬ ಚರ್ಚೆಯೂ ನಡೆಯಿತು. ಅದನ್ನು ತೀರ್ಮಾನಿಸಲು ಸಂಸ್ಕೃತ ಬೇಕು, ಹಳಗನ್ನಡ ಲಿಪಿಯ ತಿರುವುಗಳ ಪರಿಚಯ ಬೇಕು, ತಿಥಿ ವಾರ ನಕ್ಷತ್ರಗಳನ್ನು ತಾಳೆ ನೋಡಲು ಪಂಚಾಂಗಗಣಿತ ಬೇಕು. ಅಗೆಯುವ ಗುದ್ದಲಿಯನ್ನೂ ಹಳೆಯ ಭಾಷೆಗಳನ್ನೂ ಬೇರೆ ಬೇರೆ ಕೊಠಡಿಗೆ ಹಾಕಿದರೆ ಎರಡೂ ಕುರುಡಾಗುತ್ತವೆ. 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳೇ ಮುಂದೆ ಪುರಾತತ್ತ್ವ ಇಲಾಖೆಯ ನಿರ್ದೇಶಕರಾದದ್ದು ಮೈಸೂರಿನಲ್ಲಿ ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ.

ಸ್ಥಳಪುರಾಣವನ್ನು ನಂಬಿದ ಊರಿನವರಿಗೆ ಇಂಥ ಓದು ನೋವು ಕೊಡುತ್ತದೆ, ಅದರಿಂದ ಏನು ಲಾಭ ಎಂಬ ಆಕ್ಷೇಪ ಒಂದಿದೆ. ತುಮಕೂರಿನ ಪಕ್ಕದ ಕೈದಾಳವನ್ನು ಇಟ್ಟುಕೊಂಡೇ ಇದಕ್ಕೆ ಉತ್ತರಿಸಬಹುದು. ಜಕಣಾಚಾರಿ ಹುಟ್ಟಿದ ಊರು, ಅವನು ಕಳೆದುಕೊಂಡ ಕೈಯನ್ನು ಮರಳಿ ಪಡೆದ ಊರು ಎಂದು ಜನ ಕೈದಾಳವನ್ನು ನೆನೆಯುತ್ತಾರೆ. ಶಾಸನ ಹೇಳುವುದು ಬೇರೆ: ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಗೂಳಿ ಬಾಚಿ 1150ರ ಸುಮಾರಿನಲ್ಲಿ ಇಲ್ಲಿ ದೇವಾಲಯಗಳನ್ನು ಕಟ್ಟಿಸಿದ, ಶಿವನಿಗೆ, ವಿಷ್ಣುವಿಗೆ, ಜಿನನಿಗೂ. ಶಾಸನ ಬಂದ ಕೂಡಲೇ ಕಥೆ ಸುಳ್ಳಾಯಿತು ಎಂದು ಕೈತೊಳೆದುಕೊಳ್ಳುವುದು ಅರೆಬೆಂದ ವಿದ್ವತ್ತು. ಶಾಸನ ದುಡ್ಡು ಕೊಟ್ಟವನ ಮಾತು. ಅದು ಬಾಚಿಯ ಬಿರುದುಗಳನ್ನು ಉಳಿಸಿತು. ಉಳಿ ಹಿಡಿದವನನ್ನು ನೆನಪಿಟ್ಟವರು ಊರಿನ ಜನ. ಹೊಯ್ಸಳರ ಕಾಲದ ಶಿಲ್ಪಿಗಳು ಹೆಸರು ಕೊರೆದ ನಿದರ್ಶನಗಳಿವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇದೇ ಜಿಲ್ಲೆಯ ಅರಳುಗುಪ್ಪೆಯ ಚೆನ್ನಕೇಶವನ ಗುಡಿಯಲ್ಲಿ ಹೊನ್ನೋಜ. ಹಾಗಿದ್ದೂ ಜನ ಇವರೆಲ್ಲರ ಕೆಲಸವನ್ನು ಒಬ್ಬ ಜಕಣಾಚಾರಿಯ ತಲೆಗೆ ಯಾಕೆ ಕಟ್ಟಿದರು, ಅವನ ಊರಾಗಿ ಕೈದಾಳವನ್ನೇ ಯಾಕೆ ಆರಿಸಿದರು ಎಂಬುದು ಶಾಸನದಷ್ಟೇ ಗಂಭೀರವಾದ ಪ್ರಶ್ನೆ. ಊರಿನ ಹಿರಿಯರ ಬಾಯಿಂದ ಕಥೆಯ ಪಾಠಾಂತರಗಳನ್ನು ಬರೆದುಕೊಳ್ಳದೆ ಕಲ್ಲಿನ ಪಾಠ ಮಾತ್ರ ತಂದ ವಿದ್ಯಾರ್ಥಿ ಅರ್ಧ ಕೆಲಸ ಮಾಡಿದಂತೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ವಿದ್ವಾಂಸರ ಕಡೆಯಿಂದಲೇ ಬರುತ್ತದೆ. ಊರೂರು ಸುತ್ತಿ ಪಟ್ಟಿ ಮಾಡುವುದು ಗುಮಾಸ್ತಗಿರಿ, ವಿಶ್ವವಿದ್ಯಾನಿಲಯ ಮಾಡಬೇಕಾದದ್ದು ವಿಚಾರ, ಸಿದ್ಧಾಂತ ಎನ್ನುತ್ತಾರೆ. ಪಟ್ಟಿಯೇ ಇತಿಹಾಸವಲ್ಲ ಎಂಬುದನ್ನು ಒಪ್ಪಬೇಕು. ಆದರೆ ಕನ್ನಡದಲ್ಲಿ ವಿಚಾರ ಹುಟ್ಟಿದ್ದು ಎಲ್ಲಿಂದ? ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂತು. ರಾಜರ ವಂಶಾವಳಿ ಕಟ್ಟಲು ಮಾತ್ರ ಬಳಸುತ್ತಿದ್ದ ಶಾಸನಗಳಲ್ಲಿ ಮದುವೆ, ಸಾವು, ಶಿಕ್ಷಣ, ನಂಬಿಕೆಗಳ ಚರಿತ್ರೆ ಇದೆ ಎಂದು ಅದು ತೋರಿಸಿಕೊಟ್ಟಿತು. ಸಾವಿರಾರು ಸಣ್ಣ ಶಾಸನಗಳನ್ನು ಯಾರೋ ಪ್ರತಿ ಮಾಡಿ ಇಟ್ಟಿರದಿದ್ದರೆ ಆ ಪ್ರಬಂಧವೇ ಇಲ್ಲ. ಧಾರವಾಡದ ಷ. ಶೆಟ್ಟರ್ ಅವರು ಸಲ್ಲೇಖನದ ಬಗ್ಗೆ ‘ಇನ್‌ವೈಟಿಂಗ್ ಡೆತ್’ ಬರೆದದ್ದು ಶ್ರವಣಬೆಳಗೊಳದ ಅದೇ ಬಂಡೆಗಳನ್ನು ಮತ್ತೊಮ್ಮೆ ಓದಿ. ಉತ್ಖನನದಲ್ಲೂ ಇದೇ ಕಥೆ. ಬಳ್ಳಾರಿಯ ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್ 1940ರ ದಶಕದಲ್ಲಿ ಅಗೆದಿದ್ದರು. ಅರ್ಧ ಶತಮಾನದ ಮೇಲೆ ಕರ್ನಾಟಕ ವಿಶ್ವವಿದ್ಯಾನಿಲಯದ ರವಿ ಕೋರಿಶೆಟ್ಟರ್ ಹೊರದೇಶದ ಸಂಶೋಧಕರ ಜೊತೆ ಅಲ್ಲಿಗೇ ಮರಳಿದರು. ಈ ಸಲ ಮಣ್ಣನ್ನು ನೀರಿನಲ್ಲಿ ಕದಡಿ ತೇಲಿಬಂದ ಕರಿಕಾದ ಕಾಳುಗಳನ್ನು ಆರಿಸಿದರು. ನವಶಿಲಾಯುಗದ ಜನ ಹುರುಳಿ, ಹೆಸರು, ಸಣ್ಣ ಸಿರಿಧಾನ್ಯಗಳನ್ನು ಬಿತ್ತಿ ತಿನ್ನುತ್ತಿದ್ದರು ಎಂಬ ಚಿತ್ರ, ದಕ್ಷಿಣ ಭಾರತದ ಬೇಸಾಯಕ್ಕೆ ತನ್ನದೇ ಬೇರುಗಳಿವೆ ಎಂಬ ವಾದ ಇಂಥ ಕೆಲಸದಿಂದ ಗಟ್ಟಿಯಾಯಿತು. ಹೊಸ ಪ್ರಶ್ನೆ ಹಿಡಿದು ಹಳೆಯ ಜಾಗಕ್ಕೆ ಹೋದರೆ ಸಿದ್ಧಾಂತ ತಾನಾಗಿ ಹುಟ್ಟುತ್ತದೆ.

ಇನ್ನು ಕೆಲವರ ವಾದ, ಕ್ಯಾಮೆರಾ ಮತ್ತು ಸ್ಕ್ಯಾನರ್ ಬಂದ ಮೇಲೆ ಈ ತಿರುಗಾಟವೇ ಹಳತಾಯಿತು ಎಂಬುದು. ಬೆಂಗಳೂರಿನ ಅನುಭವ ಇದಕ್ಕೆ ಉಲ್ಟಾ ಇದೆ. ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ, ಕಿತ್ತಯ್ಯ ಎಂಬ ವೀರನ ಕಲ್ಲು ಹೊರಬಂದದ್ದು 2018ರಲ್ಲಿ, ಮನೆಗಳ ಮಧ್ಯೆ ನೆಲ ಅಗೆದಾಗ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಈಗ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಬರಿಗಣ್ಣಿಗೆ ಸವೆದಂತೆ ಕಾಣುವ ಅಕ್ಷರವನ್ನು ಸ್ಕ್ಯಾನ್ ಎತ್ತಿ ತೋರಿಸುತ್ತದೆ ನಿಜ. ಆದರೆ ಕಲ್ಲು ಯಾರ ಹಿತ್ತಲಲ್ಲಿದೆ ಎಂದು ಯಂತ್ರ ಹೇಳುವುದಿಲ್ಲ. ಊರಿನವರನ್ನು ಮಾತಾಡಿಸಿ, ಹಳೆಯ ಸಂಪುಟ ಕೈಯಲ್ಲಿ ಹಿಡಿದು, ಕಲ್ಲಿದ್ದ ಜಾಗವನ್ನು ಕಾಲ್ನಡಿಗೆಯಲ್ಲಿ ಹುಡುಕಿದ ಮೇಲೆಯೇ ಸ್ಕ್ಯಾನರ್‌ಗೆ ಕೆಲಸ.

ಬೆಂಗಳೂರಿನಲ್ಲಿ ಹೆಬ್ಬಾಳಕ್ಕೆ ಆದದ್ದು ತುಮಕೂರಿನಲ್ಲಿ ಶೆಟ್ಟಿಹಳ್ಳಿಗೆ ಆಗುತ್ತಿದೆ. ಹಳ್ಳಿ ವಾರ್ಡು ಆಗುತ್ತದೆ, ಹೊಲ ಲೇಔಟ್ ಆಗುತ್ತದೆ, ಹಳೆಯ ಗುಡಿಗೆ ಗ್ರಾನೈಟ್ ಬರುತ್ತದೆ, ಗುಡಿಯ ಮುಂದಿದ್ದ ಕಲ್ಲು ಅಡಿಪಾಯಕ್ಕೋ ಚರಂಡಿಗೋ ಸೇರುತ್ತದೆ. ರಾಜ್ಯದಲ್ಲಿ ಶೆಟ್ಟಿಹಳ್ಳಿಗಳು ಹಲವು. ಹಳೆಯ ದಾಖಲೆಯಲ್ಲಿ ಆ ಹೆಸರು ಕಂಡರೆ ಅದು ಯಾವ ಶೆಟ್ಟಿಹಳ್ಳಿ ಎಂದು ಗುರುತಿಸಲು ಕೆರೆ, ಕಾಲುದಾರಿ, ಎಲ್ಲೆಗಲ್ಲು, ಪಕ್ಕದ ಊರುಗಳ ಹೆಸರು ಬೇಕು. ನಗರ ಮೊದಲು ಅಳಿಸುವುದು ಇವುಗಳನ್ನೇ. 2004ರಲ್ಲಿ ಶುರುವಾದ ತುಮಕೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಮತ್ತು ಪುರಾತತ್ತ್ವವನ್ನು ಒಟ್ಟಿಗೇ ಕಲಿಸುವ ವಿಭಾಗವಿದೆ. ಊರು ಬಸ್ಸಿನ ದೂರದಲ್ಲಿದೆ. ರೈಸ್ ಅವರ ಪಂಡಿತರಿಗೆ ಇಲ್ಲದಿದ್ದ ಅನುಕೂಲ ಇಲ್ಲಿನ ಎಂ.ಎ. ವಿದ್ಯಾರ್ಥಿಗಿದೆ: ಅವನು ಅಥವಾ ಅವಳು ಬಹುಪಾಲು ಇದೇ ಹೋಬಳಿಗಳವರು, ಯಾರ ಮನೆ ಬಾಗಿಲು ತಟ್ಟಬೇಕೆಂದು ಬಲ್ಲವರು. ಒಬ್ಬ ವಿದ್ಯಾರ್ಥಿಗೆ ಒಂದು ಊರು ಕೊಟ್ಟು, 1904ರ ಸಂಪುಟದಲ್ಲಿ ಆ ಊರಿನ ಹೆಸರಲ್ಲಿರುವ ಪ್ರತಿ ಕಲ್ಲು ಈಗ ಎಲ್ಲಿದೆ, ಯಾವ ಸರ್ವೆ ನಂಬರಿನಲ್ಲಿದೆ, ಎಷ್ಟು ಸಾಲು ಉಳಿದಿದೆ, ಸಂಪುಟದಲ್ಲಿ ಇಲ್ಲದ್ದು ಏನು ಸಿಕ್ಕಿತು ಎಂದು ಬರೆಸಬೇಕು. ಒಂದೂ ಶಾಸನ ಸಿಗದ ಊರಿನ ವರದಿಯನ್ನೂ ಅಷ್ಟೇ ಕಾಳಜಿಯಿಂದ ಇಡಬೇಕು. ಹುಡುಕಿ ಸಿಗದಿರುವುದಕ್ಕೂ ಹುಡುಕದೇ ಇರುವುದಕ್ಕೂ ಇರುವ ವ್ಯತ್ಯಾಸ ಮುಂದೆ ಬರುವವರಿಗೆ ಗೊತ್ತಾಗುವುದು ಅದರಿಂದಲೇ. ಆ ಪ್ರಬಂಧದ ಒಂದು ಪ್ರತಿ ವಿಭಾಗದ ಕಪಾಟಿನಲ್ಲಿ ಉಳಿದರೆ, ಇನ್ನೊಂದು ನಗರಪಾಲಿಕೆಗೆ, ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡುವ ಮೇಜಿಗೆ ಹೋಗಬೇಕು.