ನೀಲಿಕಿವಿಯ ಮಿಂಚುಳ್ಳಿ: ಗುರುತಿನ ತೊಡಕುಗಳು

ದಾಂಡೇಲಿ ಸಮೀಪದ ಗಣೇಶಗುಡಿಯ ಕಡೆ ಹಳ್ಳದ ಮೇಲೆ ಬಾಗಿದ ಕೊಂಬೆಯಲ್ಲಿ ಪುಟ್ಟ ನೀಲಿ ಮಿಂಚುಳ್ಳಿಯೊಂದು ಕೂತಿದ್ದರೆ ಅವಸರದಲ್ಲಿ ಹೆಸರು ಬರೆಯಬಾರದು. ಅದು ಕೆರೆ, ಕಾಲುವೆಗಳಲ್ಲೆಲ್ಲ ಸಿಗುವ ಸಣ್ಣ ಮಿಂಚುಳ್ಳಿ, ಅಲ್ಸೆಡೊ ಅಟ್ಟಿಸ್ ಇರಬಹುದು. ದಟ್ಟ ಕಾಡಿನ ನೆರಳ ತೊರೆಗಳನ್ನೇ ನೆಚ್ಚಿಕೊಂಡ ನೀಲಿಕಿವಿಯ ಮಿಂಚುಳ್ಳಿ, ಅಲ್ಸೆಡೊ ಮೆನಿಂಟಿಂಗ್ ಕೂಡ ಇರಬಹುದು. ಎರಡನೆಯದನ್ನು ಥಾಮಸ್ ಹಾರ್ಸ್‌ಫೀಲ್ಡ್ 1821ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ. ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಅದರ ನೆಲೆಯಿದೆ. ಗಾತ್ರದಲ್ಲಿ ಎರಡೂ ಸುಮಾರು 16 ಸೆಂಟಿಮೀಟರ್.

ಸಣ್ಣ ಮಿಂಚುಳ್ಳಿಯ ಕಣ್ಣಿನ ಹಿಂದೆ ಕಿತ್ತಳೆಗೆಂಪು ಪಟ್ಟೆಯಿದೆ. ಇನ್ನೊಂದರಲ್ಲಿ ಅದೇ ಜಾಗ ನೀಲಿ. ಕೈಪಿಡಿಗಳು ಒತ್ತಿ ಹೇಳುವುದು ಇದನ್ನೇ, ಬೆಳೆದ ಹಕ್ಕಿಗಳ ಮಟ್ಟಿಗೆ ಅದು ಸರಿ. ಆದರೆ ನೀಲಿಕಿವಿಯದರ ಎಳೆ ಹಕ್ಕಿಗೂ ಕಿವಿಯ ಬಳಿ ಕಿತ್ತಳೆಗೆಂಪು ಇರುತ್ತದೆ! ಆಗ ಗಂಟಲು, ಎದೆಯ ಮೇಲ್ಭಾಗ ನೋಡಬೇಕು: ಎಳೆಯದಕ್ಕೆ ಅಲ್ಲಿ ಸಾಮಾನ್ಯವಾಗಿ ಮಾಸಲು ಚುಕ್ಕೆಗಳಿದ್ದು, ಬೆಳೆದಂತೆ ಮರೆಯಾಗುತ್ತವೆ.

ಕೊಕ್ಕನ್ನು ನಂಬುವಂತಿಲ್ಲ. ಕೆಳಕೊಕ್ಕಿನ ಕೆಂಪು ಎರಡೂ ಜಾತಿಗಳಲ್ಲಿ ಹೆಣ್ಣಿನ ಸುಳಿವೇ ಹೊರತು ಜಾತಿಯದಲ್ಲ.

ನೀಲಿಕಿವಿಯದರ ಬೆನ್ನು ಹೆಚ್ಚು ಗಾಢ, ಹೊಟ್ಟೆಯ ಕಿತ್ತಳೆಯೂ ಕಡುಗಟ್ಟಿದ್ದು ಎನ್ನುವುದು ನಿಜ. ಆದರೂ ಬಣ್ಣವೊಂದರ ಮೇಲೆ ತೀರ್ಪು ಕೊಡುವುದು ಅಪಾಯ. ಮಿಂಚುಳ್ಳಿಯ ಕಿತ್ತಳೆ ಬಣ್ಣ ವರ್ಣಕದಿಂದ ಬಂದದ್ದು, ನೀಲಿ ಹಾಗಲ್ಲ. ಗರಿಯೆಳೆಗಳೊಳಗಿನ ಸ್ಪಂಜಿನಂಥ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಅದು ಹುಟ್ಟುತ್ತದೆ. ಹೀಗಾಗಿ ಬಿಸಿಲಲ್ಲಿ ಝಗ್ಗನೆ ಹೊಳೆದ ಬೆನ್ನು ಮರದ ನೆರಳಿನಲ್ಲಿ ಕಪ್ಪಿಟ್ಟಂತೆ ಕಾಣಬಹುದು, ಮಾಮೂಲಿ ಹಕ್ಕಿಗೂ ಅಪರೂಪದ ಹಕ್ಕಿಯ ವೇಷ ಬಂದುಬಿಡಬಹುದು. ಫೋಟೊ ತಿದ್ದುವಾಗ ನೀಲಿಯನ್ನು ಇನ್ನಷ್ಟು ಏರಿಸುವ ಚಟದ ಮಾತು ಬೇರೆ.

ನೆಲೆ ಮತ್ತು ನಡವಳಿಕೆ ಇದಕ್ಕಿಂತ ಗಟ್ಟಿಯಾದ ಪುರಾವೆ. ನೀಲಿಕಿವಿಯದು ನೀರಿಗೆ ಚಾಚಿದ ಕೊಂಬೆಯಲ್ಲಿ ಕಾದು ಕೂತು, ಧುಮುಕಿ, ಮೀನು, ಸೀಗಡಿಯಂಥ ಜಲಚರಗಳು, ಕೊಡತಿಹುಳುವಿನ ಮರಿಗಳನ್ನು ಹಿಡಿಯುತ್ತದೆ, ಮಿಡತೆಯನ್ನೂ ಬಿಡುವುದಿಲ್ಲ. ತೊರೆಯ ದಂಡೆಯಲ್ಲಿ ಸುಮಾರು ಒಂದು ಮೀಟರ್ ಉದ್ದದ ಸುರಂಗ ಕೊರೆದು ಬಿಳಿ ಮೊಟ್ಟೆಗಳನ್ನಿಡುತ್ತದೆ. ಉತ್ತರ ಭಾರತದಲ್ಲಿ ಇದು ಮೇ–ಜೂನ್ ತಿಂಗಳ ಕೆಲಸವಾದರೆ, ನೈಋತ್ಯ ಭಾರತದಿಂದ ಜನವರಿಯ ದಾಖಲೆಯಿದೆ. ಘಟ್ಟದ ತೊರೆಯೊಂದರಲ್ಲಿ ಗೂಡಿನ ಕಾಲ ಕಳೆದ ಮೇಲೆ ಕಂಡ ಕಿತ್ತಳೆಗಿವಿಯ ಹಕ್ಕಿಯನ್ನು, ಎದೆಯ ಚುಕ್ಕೆ ನೋಡದೆ ಸಣ್ಣ ಮಿಂಚುಳ್ಳಿಯ ಲೆಕ್ಕಕ್ಕೆ ಸೇರಿಸಬಾರದು.