ಶ್ರೀರಂಗಪಟ್ಟಣದ ನಾಣ್ಯಗಳಲ್ಲಿ ಪುರಾಣಚಿತ್ರ

ಮೈಸೂರು ಅರಸರ ನಾಣ್ಯಗಳ ಮೇಲೆ ದೇವತೆಗಳನ್ನು ಅಚ್ಚೊತ್ತಿದ ಪದ್ಧತಿಯ ಬೇರು ವಿಜಯನಗರದಲ್ಲಿದೆ. ಅಲ್ಲಿನ ತಾಮ್ರದ ಕಾಸುಗಳಲ್ಲಿ ಹನುಮಂತ, ಗರುಡರಿದ್ದರು. ಕೃಷ್ಣದೇವರಾಯನ ವರಹದಲ್ಲಿ ಬೆಣ್ಣೆ ಹಿಡಿದ ಬಾಲಕೃಷ್ಣ, ಅಚ್ಯುತರಾಯನದರಲ್ಲಿ ಆನೆಗಳನ್ನು ಕೊಕ್ಕಿನಲ್ಲೂ ಉಗುರಿನಲ್ಲೂ ಹಿಡಿದ ಗಂಡಭೇರುಂಡ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಗೆದ್ದರೂ, ಮೈಸೂರಿಗೆ ತನ್ನದೇ ನಾಣ್ಯ ಬಂದದ್ದು ರಣಧೀರ ಕಂಠೀರವ ನರಸರಾಜ ಒಡೆಯರ (1638–1659) ಕಾಲದಲ್ಲಿ. ಪಟ್ಟಣದ ಕೋಟೆಯೊಳಗೆ ನರಸಿಂಹಸ್ವಾಮಿಗೆ ಗುಡಿ ಕಟ್ಟಿಸಿದವರೂ ಅವರೇ. ಅವರ ಟಂಕಸಾಲೆಯ ಚಿನ್ನದ ಕಂಠೀರಾಯಿ ಹಣ ತೊಗರಿಬೇಳೆಗಿಂತ ತುಸು ದೊಡ್ಡದು, ತೂಕ ಗ್ರಾಮಿನ ಮೂರನೆಯ ಒಂದು ಪಾಲಿನಷ್ಟು. ಒಂದು ಬದಿಯಲ್ಲಿ ಕುಳಿತ ನರಸಿಂಹ, ಇನ್ನೊಂದು ಬದಿಯಲ್ಲಿ ಮೂರು ಸಾಲಿನ ನಾಗರಿ ಬರಹ. ಅಚ್ಚು ಬಿಲ್ಲೆಗಿಂತ ಅಗಲವಾದ್ದರಿಂದ ಅಕ್ಷರಗಳು ಅಂಚಿನಲ್ಲಿ ತುಂಡಾಗುತ್ತವೆ. ದೇವರೂ ಕೆಲವು ಗೆರೆ, ಕೆಲವು ಚುಕ್ಕಿಗಳಲ್ಲಿ ಮುಗಿದುಹೋಗುತ್ತಾನೆ. ಗೊತ್ತಿದ್ದವರ ಕಣ್ಣಿಗಷ್ಟೇ ಅದು ನರಸಿಂಹ. ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ. ಆದರೆ ಆ ವರಹ ಇದ್ದದ್ದು ಲೆಕ್ಕದ ಕಡತದಲ್ಲಿ ಮಾತ್ರ. ಅದರ ಹೆಸರು ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, 1799ರಲ್ಲಿ ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡವರು ಸೀಮೆಗಳ ಹುಟ್ಟುವಳಿಯನ್ನು ಲೆಕ್ಕ ಹಾಕಿದ್ದೂ ಅದರಲ್ಲೇ.

ಚಿಕ್ಕದೇವರಾಜ ಒಡೆಯರ ಚಿನ್ನದ ನಾಣ್ಯದಲ್ಲಿ ನರ್ತಿಸುವ ಕೃಷ್ಣನಿದ್ದಾನೆ.

ಹೆಚ್ಚು ಕುತೂಹಲ ಹುಟ್ಟಿಸುವುದು ಹೈದರಾಲಿಯ ಬಹಾದ್ದೂರಿ ವರಹ. 1763ರಲ್ಲಿ ಬಿದನೂರನ್ನು ಗೆದ್ದ ಆತ, ಇಕ್ಕೇರಿ ನಾಯಕರ ವರಹದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಫಾರಸಿ ಅಕ್ಷರವನ್ನು ಒತ್ತಿಸಿದ. ಇದನ್ನು ಔದಾರ್ಯವೆಂದು ಹೊಗಳುವುದುಂಟು. ಪೇಟೆಯ ನಂಬಿಕೆಯನ್ನು ಕೆಡಿಸದ ಜಾಣತನವೆನ್ನುವುದು ಹೆಚ್ಚು ಸರಿ. ಸಾಹುಕಾರರು ಕೈಗೆ ಪಳಗಿದ ಗುರುತನ್ನು ನೋಡಿಯೇ ನಾಣ್ಯ ಪಡೆಯುತ್ತಿದ್ದರು.

ಟಿಪ್ಪು ದೇವತೆಗಳನ್ನು ಕೈಬಿಟ್ಟ. ತಾಮ್ರದ ಕಾಸುಗಳ ಮೇಲೆ, ಹೈದರನ ಕೊನೆಗಾಲದಲ್ಲೇ ಕಾಣಿಸಿಕೊಂಡಿದ್ದ ಆನೆ ಉಳಿಯಿತು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿವಪಾರ್ವತಿಯರು ವರಹಕ್ಕೆ ಮರಳಿದರು. ದಿವಾನ್ ಪೂರ್ಣಯ್ಯನವರು ನರಸಿಂಹನಿರುವ ಗಿಡ್ಡ ಕಂಠೀರಾಯಿ ಹಣ ಹೊರಡಿಸಿದರು. ತಾಮ್ರದಲ್ಲಿ ಮಾತ್ರ ಟಿಪ್ಪುವಿನ ಆನೆಯೇ ಮುಂದುವರಿಯಿತು, ಅದರ ಮೇಲೆ ಮೊದಲು ‘ಶ್ರೀ’, ಆಮೇಲೆ ಕನ್ನಡದಲ್ಲಿ ‘ಚಾಮುಂಡಿ’ ಎಂಬ ಅಕ್ಷರಗಳು ಸೇರಿದವು. ಅಂದರೆ ಬಡವರ ಕಾಸಿನಲ್ಲಿ ದೇವಿಗೆ ರೂಪವಿಲ್ಲ, ಹೆಸರಷ್ಟೇ. ಮುಂದೆ ಆನೆಯ ಜಾಗಕ್ಕೆ ಸಿಂಹ ಬಂತು. 1833ರಲ್ಲಿ ಬೆಂಗಳೂರಿಗೆ ಹೋದ ಟಂಕಸಾಲೆ 1843ರಲ್ಲಿ ಮುಚ್ಚಿತು.